ಗುಡ್ಡವನ್ನು ಕೇಳಿ ಹತ್ತುವುದು

ರಜೆಗೆ ಶಿರಸಿಗೆ ಬಂದಾಗಿನಿಂದ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಆಯಿ ಅಂತೂ ಫೋಟೋ ನೋಡಿದಾಗಲೆಲ್ಲ ಕೇಳುತ್ತಾಳೆ: "ಅಷ್ಟು ಹಿಮದಲ್ಲಿ ಗುಡ್ಡ ಹತ್ತದು ಎಂತಕ್ಕೆ ತಮಾ?"

ನಾನಿರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಊರಿಗೆ ತಾಗಿಕೊಂಡೇ ವಾಸಾಚ್ ಬೆಟ್ಟಸಾಲು ಇದೆ. ಈ ಫೆಬ್ರವರಿಯಲ್ಲಿ ಮೊದಲ ಸಲ ಅಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ಗೆ ಹೋದೆ. ಅದರಲ್ಲಿ ಲಿಫ್ಟ್ ಇಲ್ಲ, ಟಿಕೆಟ್ ಇಲ್ಲ, ಬಿದ್ದರೆ ಓಡಿ ಬರುವ ಕಾವಲಿನವರೂ ಇಲ್ಲ. ನಾವೇ ಹತ್ತಬೇಕು, ನಾವೇ ಇಳಿಯಬೇಕು. ಜೊತೆಗಿದ್ದವರು ಕುಮಟಾದ ಗೆಳೆಯ ಮತ್ತು ಕಾರವಾರದ ಗೆಳತಿ. ಅವಳು ಹಿಮಕುಸಿತದ ತರಬೇತಿ ಪಡೆದವಳು.

ಹತ್ತುವಾಗ ಸ್ಕೀ ಅಡಿಗೆ 'ಸ್ಕಿನ್' ಎಂಬ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಒಂದೇ ದಿಕ್ಕಿಗೆ ಬಾಗಿರುತ್ತದೆ. ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹತ್ತುವಾಗ ಹಿಮ್ಮಡಿ ಸಡಿಲ, ಇಳಿಯುವಾಗ ಬಿಗಿ. ಇದೆಲ್ಲ ಬೇಗ ರೂಢಿಯಾಗುತ್ತದೆ.

ನನಗೆ ಹೊಸದೆನಿಸಿದ್ದು ಹೊರಡುವ ಮೊದಲಿನ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಯೂಟಾ ಅವಲಾಂಚ್ ಸೆಂಟರ್‌ನ ಆ ದಿನದ ಹಿಮಕುಸಿತದ ಮುನ್ಸೂಚನೆ ಓದಿದೆವು. ಅಪಾಯಕ್ಕೆ 5 ಹಂತಗಳು. ಅಂದು 3ನೆಯದು. ಯಾವ ಎತ್ತರದಲ್ಲಿ, ಯಾವ ದಿಕ್ಕಿನ ಇಳಿಜಾರಿನಲ್ಲಿ ಅಪಾಯ ಜಾಸ್ತಿ ಅಂತ ಚಿತ್ರ ಸಮೇತ ಇತ್ತು. ಹೆಚ್ಚಿನ ಹಿಮಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕೇ ಬಿಗ್ ಕಾಟನ್‌ವುಡ್ ಕಣಿವೆಯಲ್ಲಿ 30ಕ್ಕಿಂತ ಕಡಿಮೆ ಇರುವ ದಾರಿ ಆರಿಸಿದೆವು. ಮೂವರ ಮೈಮೇಲೂ ಹಿಮದಡಿ ಹೂತವರನ್ನು ಪತ್ತೆ ಮಾಡಲು ಸಂಕೇತ ಕಳಿಸುವ ಪುಟ್ಟ ಯಂತ್ರ 'ಬೀಕನ್', ಚೀಲದಲ್ಲಿ ಸಲಿಕೆ ಮತ್ತು ಹಿಮ ಚುಚ್ಚಿ ನೋಡುವ ಉದ್ದ ಕೋಲು. ಹಿಮದಡಿ ಹೂತವರನ್ನು 10-15 ನಿಮಿಷದೊಳಗೆ ತೆಗೆಯದಿದ್ದರೆ ಉಳಿಯುವುದು ಬಹಳ ಕಷ್ಟ. ಹೊರಗಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ. ಪಕ್ಕದಲ್ಲಿದ್ದವರೇ ಅಗೆಯಬೇಕು.

ಆಸ್ಪೆನ್ ಮರಗಳು ಮುಗಿದು ಬಯಲು ಸಿಕ್ಕಿತು. ನಾಲ್ಕು ಹೆಜ್ಜೆ ಇಟ್ಟಿದ್ದೆವು, ಕಾಲ ಕೆಳಗೆ 'ಧುಮ್' ಅಂದಿತು. ಇಡೀ ಬಯಲು ಒಂದಿಷ್ಟು ಕುಸಿದ ಹಾಗಾಯಿತು. ಗೆಳತಿ ನಿಂತಳು. ಸಲಿಕೆಯಿಂದ ಹಿಮ ಕಡಿದು ತೋರಿಸಿದಳು. ಮೇಲೆ ಗಟ್ಟಿ ಪದರ, ಅಡಿಯಲ್ಲಿ ಸಕ್ಕರೆಯಂತೆ ಉದುರುವ ಹರಳು. ಚಳಿಗಾಲದ ಶುರುವಿನ ತೆಳು ಹಿಮ ಚಳಿಗೆ ಹೀಗಾಗುತ್ತದೆ, ಮೇಲೆ ಬಿದ್ದ ಭಾರವನ್ನು ಹಿಡಿಯುವುದಿಲ್ಲ. "ಬಯಲಾದ್ದರಿಂದ ನಿಂತಿದೆ. ಇಳಿಜಾರಾಗಿದ್ದರೆ ಹೊರಡುತ್ತಿತ್ತು" ಅಂದಳು. ಎದುರಿನ ದಿಬ್ಬದಲ್ಲಿ ಒಂದು ಗೆರೆಯೂ ಬೀಳದ ಹಿಮವಿತ್ತು. ಕುಮಟಾದವನಿಗೆ ಅದರ ಮೇಲೆ ಕಣ್ಣು. ಅಳೆದರೆ 34 ಡಿಗ್ರಿ. "ನೀನೇನು ಹೇಳ್ತೀಯ?" ಅಂತ ಅವಳು ಮೊದಲು ಕೇಳಿದ್ದು ನನ್ನನ್ನು. ಹೊಸಬನಾದರೂ ಒಬ್ಬ ಬೇಡವೆಂದರೆ ಎಲ್ಲರೂ ತಿರುಗುವುದು ಅಲ್ಲಿನ ಕ್ರಮವಂತೆ. ಬೇಡ ಅಂದೆ. ಬಂದ ದಾರಿಯಲ್ಲೇ ಮರಗಳ ನಡುವೆ ಇಳಿದೆವು. ಆ ಇಳಿಕೆಯ ಖುಷಿಯೇ ಬೇರೆ, ಹೇಳಿ ಮುಗಿಯುವುದಿಲ್ಲ.

ವಾಪಸ್ ಕಾರಿನಲ್ಲಿ ಮೂವರೂ ಮಾತಾಡಿದ್ದು ನಮ್ಮ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನ ಬಗ್ಗೆ. 2024ರ ಜುಲೈ 16ರಂದು ಅಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಿತ್ತಲ್ವಾ. ಅದಕ್ಕೂ ಮೊದಲು 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ. ಹಿಮವೇ ಬೇರೆ, ನೀರು ಕುಡಿದ ಮಣ್ಣೇ ಬೇರೆ, ನಿಜ. ಆದರೆ ಜಿಲ್ಲೆಗೆಲ್ಲ ಒಂದೇ ರೆಡ್ ಅಲರ್ಟ್ ಸಾಲದು. ದೇವಿಮನೆ ಘಟ್ಟದ ಯಾವ ತಿರುವು ಇವತ್ತು ಹೆದರಿಕೆಯದು ಎಂದು ಬೆಳಿಗ್ಗೆ ಕನ್ನಡದಲ್ಲಿ ಓದುವಂತಾಗಬೇಕು. ಬಿರುಕು ಬಿಟ್ಟ ನೆಲ, ವಾಲಿದ ಮರ, ಒಮ್ಮೆಲೇ ಕೆಂಪಾದ ಒರತೆ ನೀರು ಕಂಡರೆ ಯಾರಿಗೆ ಹೇಳಬೇಕೆಂದು ಪ್ರತಿ ಮನೆಗೂ ಗೊತ್ತಿರಬೇಕು.

ಇದನ್ನು ಅಪ್ಪಯ್ಯನಿಗೆ ಹೇಳಿದೆ. ಸೊಪ್ಪಿನ ಬೆಟ್ಟದ ಮೇಲಿನ ಅಂಚಿನಲ್ಲಿ ಒಂದು ಬಿರುಕು ಇದೆಯಂತೆ. ನಾಳೆ ಮಳೆ ಕಡಿಮೆಯಾದರೆ ದೂರದಿಂದಲೇ ಫೋಟೋ ತೆಗೆದು ಪಂಚಾಯಿತಿಗೆ ಕೊಡುತ್ತೇವೆ. ಅದರ ಕೆಳಗೆ ಎರಡು ಮನೆಗಳಿವೆ.