ಓದಿದ ಮೊತ್ತ, ಬರೆಯುವ ಹೊತ್ತಿಗೆ

ಸಹಕಾರ ಸಂಘವೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಸಾಲ ಇರುವ ಸದಸ್ಯರ ಉಳಿತಾಯ ಖಾತೆ, ಪಿಗ್ಮಿ ಖಾತೆ ಎರಡೂ ಸೇರಿ 10,000 ರೂಪಾಯಿಗಿಂತ ಕೆಳಗಿಳಿಯಬಾರದು ಎಂಬುದು ಸಂಘದ ನಿಯಮ. ಹಣ ತೆಗೆಯುವ ಕೋಡ್ ಬರೆದವಳು ನಾನು. ಒಂದು ಸಂಜೆ ಲೆಕ್ಕ ತಾಳೆ ನೋಡಿದರೆ, ಒಬ್ಬ ಸದಸ್ಯರ ಎರಡೂ ಖಾತೆ ಸೇರಿ ಉಳಿದಿದ್ದು 5,000!

ಕೋಡ್ ಎಷ್ಟು ಸಲ ಓದಿದರೂ ತಪ್ಪು ಸಿಗಲಿಲ್ಲ. ಪ್ರೋಗ್ರಾಂ ಸರಿಯೇ ಎಂದು ಸಾಧಿಸಿ ನೋಡಲು ಗಣಕ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಕೊಟ್ಟ ತರ್ಕದ ಪದ್ಧತಿಯಲ್ಲಿ ಕಾಗದದ ಮೇಲೆ ಬರೆದೆ. ಕೊನೆಯಲ್ಲಿ ನಿಯಮ ಉಳಿಯಬೇಕಾದರೆ ಶುರುವಿನಲ್ಲಿ ಏನು ನಿಜವಾಗಿರಬೇಕು? ಉಳಿತಾಯ + ಪಿಗ್ಮಿ − ತೆಗೆಯುವ ಹಣ ≥ 10,000. ಕೋಡ್ ಪರೀಕ್ಷಿಸುತ್ತಿದ್ದುದೂ ಇದನ್ನೇ.

ನಮ್ಮ ಹಿರಿಯ ಮೇಡಂ ಹಾಳೆ ನೋಡಿ ಕೇಳಿದರು: "ನೀನು ಓದಿದ ಮೊತ್ತ ಬರೆಯೋ ಹೊತ್ತಿಗೂ ಅಷ್ಟೇ ಇರುತ್ತೆ ಅಂತ ಇದರಲ್ಲಿ ಎಲ್ಲಮ್ಮಾ ಇದೆ?"

ಎಲ್ಲೂ ಇರಲಿಲ್ಲ. ಲಾಗ್ ತೆಗೆದರೆ, ಎರಡು ಕೌಂಟರುಗಳಲ್ಲಿ ಒಂದೇ ಹೊತ್ತಿಗೆ ಎರಡು ವಹಿವಾಟು ನಡೆದಿದ್ದವು. ಇಬ್ಬರು ಗುಮಾಸ್ತರಿಗೂ ಕಂಡದ್ದು ಉಳಿತಾಯದಲ್ಲಿ 8,000, ಪಿಗ್ಮಿಯಲ್ಲಿ 7,000. ಒಬ್ಬರು ಉಳಿತಾಯದಿಂದ 5,000, ಇನ್ನೊಬ್ಬರು ಪಿಗ್ಮಿಯಿಂದ 5,000 ಕೊಟ್ಟರು. ಬದಲಾದ ಸಾಲುಗಳು ಬೇರೆ ಬೇರೆ, ಹಾಗಾಗಿ ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ರಿಪೀಟಬಲ್ ರೀಡ್ ಮಟ್ಟದಲ್ಲಿ (ವಹಿವಾಟು ಶುರುವಾದಾಗಿನ ಚಿತ್ರವನ್ನೇ ಕೊನೆತನಕ ನೋಡುವ, ಒಂದೇ ಸಾಲನ್ನು ಇಬ್ಬರು ಬದಲಿಸಿದರೆ ಮಾತ್ರ ತಡೆಯುವ ಮಟ್ಟ) ಯಾವ ತಡೆಯೂ ಬೀಳಲಿಲ್ಲ. ಇದರ ಹೆಸರು ರೈಟ್ ಸ್ಕ್ಯೂ. 1995ರ ಪ್ರಬಂಧವೊಂದರಲ್ಲೇ ಇದರ ವಿವರಣೆ ಇದೆ.

ಆಮೇಲೆ ಹಟ ಹಿಡಿದು ಓದಿದ್ದು ಆಂಥನಿ ಬಾನರ್ ಮತ್ತು ಮೈಕೆಲ್ ಕಿಫರ್ 1990ರ ದಶಕದಲ್ಲಿ ಕಟ್ಟಿದ ಟ್ರಾನ್ಸಾಕ್ಷನ್ ಲಾಜಿಕ್, ಅಂದರೆ ವಹಿವಾಟುಗಳ ತರ್ಕ. ಮಾಮೂಲಿ ತರ್ಕದಲ್ಲಿ 'ಮತ್ತು' ಅಂದರೆ ಹಿಂದುಮುಂದಾದರೂ ಅರ್ಥ ಅದೇ. ಇಲ್ಲಿ 'ಮೊದಲು ಇದು, ಆಮೇಲೆ ಅದು' ಎನ್ನುವುದಕ್ಕೇ ಒಂದು ಚಿಹ್ನೆ. ಸೂತ್ರ ನಿಜವಾಗುವುದು ಡೇಟಾಬೇಸಿನ ಒಂದು ಸ್ಥಿತಿಯಲ್ಲಲ್ಲ, ಸ್ಥಿತಿಯಿಂದ ಸ್ಥಿತಿಗೆ ಸಾಗುವ ಇಡೀ ದಾರಿಯ ಮೇಲೆ. ನಡುವಿನ ಒಂದು ಹೆಜ್ಜೆ ಸೋತರೆ ಆ ದಾರಿಯೇ ಇಲ್ಲ. ರೋಲ್‌ಬ್ಯಾಕ್ (ಅರ್ಧಕ್ಕೆ ನಿಂತ ವಹಿವಾಟನ್ನು ಶುರುವಿಗೆ ಮರಳಿಸುವುದು) ತರ್ಕದಿಂದಲೇ ಹುಟ್ಟುತ್ತದೆ. ಎಷ್ಟು ಚೆಂದ! ಏಕಕಾಲದ ವಹಿವಾಟುಗಳಿಗೆ ಅವರೇ ಮುಂದೆ ಬೆಳೆಸಿದ ರೂಪದಲ್ಲಿ, ಒಬ್ಬರ ದಾರಿಯ ನಡುವೆ ಇನ್ನೊಬ್ಬರು ನುಗ್ಗದಂತೆ ಕಾಯುವ ಚಿಹ್ನೆಯೂ ಇದೆ. ನನ್ನ ಹಾಳೆಯಲ್ಲಿ ಇಲ್ಲದ್ದು ಅದೇ.

ವಹಿವಾಟುಗಳು ಒಂದಾದ ಮೇಲೊಂದು ನಡೆದಂತೆಯೇ ಫಲ ಕೊಡುವ ಸೀರಿಯಲೈಜಬಲ್ ಮಟ್ಟಕ್ಕೆ ಬದಲಾಯಿಸಿದೆವು. ಪೋಸ್ಟ್‌ಗ್ರೆಸ್‌ನಲ್ಲಿ ಇದು ನಿಜವಾಗಿ ಸಿಕ್ಕಿದ್ದು 2011ರ 9.1 ಆವೃತ್ತಿಯಿಂದ. ಇಂಥ ಎರಡು ವಹಿವಾಟು ಡಿಕ್ಕಿಯಾದರೆ ಒಂದನ್ನು 40001 ದೋಷಸಂಖ್ಯೆ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ಮತ್ತೆ ಯತ್ನಿಸುವ ಕೋಡನ್ನು ಮೊದಲ ಸಲ ಬರೆದಾಗ, ಹಿಂದಿನ ಯತ್ನದಲ್ಲಿ ಓದಿಟ್ಟ ಮೊತ್ತವನ್ನೇ ಮತ್ತೆ ಬಳಸಿದ್ದೆ. ಮೇಡಂ ಆ ಸಾಲಿಗೆ ಗುರುತು ಹಾಕಿದರು. ಮೊತ್ತ ಓದುವ ಸಾಲನ್ನು ವಹಿವಾಟಿನ ಒಳಗೆ, ಎಲ್ಲಕ್ಕಿಂತ ಮೊದಲು ತಂದಿಟ್ಟೆ.