ಕಾಕಾನ ಮಾತು ಆ ಚಿಪ್‌ಗೆ ತಿಳಿಯುತ್ತಾ?

ಮಾತು ನಿಂತವರನ್ನು ಮತ್ತೆ ಮಾತಾಡಿಸಲು ಮೆದುಳಿಗೆ ಚಿಪ್ ಹಾಕುತ್ತಾರೆ ಅಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಮನಸ್ಸಿನ್ಯಾಗ ಇದ್ದದ್ದೆಲ್ಲ ಓದಿಬಿಡ್ತದೇನು?" ಹಾಗಲ್ಲ. ಮಾತಾಡಲು ಹೊರಟಾಗ ತುಟಿ, ನಾಲಿಗೆ, ದವಡೆ, ಗಂಟಲಿಗೆ ಮೆದುಳು ಅಪ್ಪಣೆ ಕೊಡುತ್ತದೆ. ಈ ಯಂತ್ರಗಳು ಹಿಡಿಯುವುದು ಹೆಚ್ಚಾಗಿ ಆ ಅಪ್ಪಣೆಯನ್ನು. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಳಗೊಳಗೇ ಆಡಿಕೊಳ್ಳುವ ಮಾತನ್ನೂ ಸ್ವಲ್ಪ ಹಿಡಿದರು. ಜೊತೆಗೆ, ಮನಸ್ಸಿನಲ್ಲೇ ಹೇಳುವ ಒಂದು ಪಾಸ್‌ವರ್ಡನ್ನೂ ಬೀಗದಂತೆ ಇಟ್ಟರು.

ನಾನು ಇದನ್ನೆಲ್ಲ ಓದತೊಡಗಿದ್ದು ಕಾಕಾನ ಸಲುವಾಗಿ. ರಾಯಚೂರು ಗಂಜ್‌ನಲ್ಲಿ ಅವರದು ಹತ್ತಿ ದಲಾಲಿ ಅಂಗಡಿ. ರೈತರ ಹತ್ತಿರ ಕನ್ನಡ, ಗದ್ವಾಲ ಕಡೆಯವರ ಹತ್ತಿರ ತೆಲುಗು, ಹಮಾಲರ ಹತ್ತಿರ ಉರ್ದು. ಲಕ್ವಾ ಹೊಡೆದದ್ದು ಮೆದುಳಿನ ಬುಡಕ್ಕೆ. ಬುದ್ಧಿ ಚುರುಕಾಗೇ ಇದೆ, ನಾಲಿಗೆ ಏಳುವುದಿಲ್ಲ. ಕಾಕು ಅಕ್ಷರದ ಹಲಗೆ ಹಿಡಿದು ಬೆರಳಿಡುತ್ತಾರೆ, ಕಾಕಾ ಕಣ್ಣು ಮುಚ್ಚಿದರೆ ಹೌದು ಅಂತ. ಒತ್ತಕ್ಷರ ಬಂದರೆ ಇಬ್ಬರಿಗೂ ಸಿಟ್ಟು.

ಇಂಥದೇ ಲಕ್ವಾ ಆದ ಒಬ್ಬರಲ್ಲಿ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆದುಳಿನ ಸರ್ಜನ್ ಎಡ್ವರ್ಡ್ ಚಾಂಗ್ ಅವರ ತಂಡ 50 ಪದ ಹಿಡಿದಿತ್ತು. 2023ರಲ್ಲಿ ಇನ್ನೊಬ್ಬ ಮಹಿಳೆಯಲ್ಲಿ ಮೆದುಳಿನ ಸಂಕೇತ ಹಿಡಿಯುವ 253 ಎಲೆಕ್ಟ್ರೋಡ್ ಇಟ್ಟು ನಿಮಿಷಕ್ಕೆ 78 ಪದ ಮುಟ್ಟಿತು. ಗಂಜ್‌ನಲ್ಲಿ ಸವಾಲು ಕೂಗುವಾಗಿನ ಕಾಕಾನ ವೇಗಕ್ಕೆ ಇದು ಏನೂ ಅಲ್ಲ, ಆದರೆ ಹಲಗೆಗಿಂತ ಎಷ್ಟೋ ವಾಸಿ.

ನನ್ನ ಚಿಂತೆ ಬೇರೆ. ಮೆದುಳಿನಿಂದ ಬರುವ ಸಂಕೇತ ಅಷ್ಟು ಸ್ವಚ್ಛ ಇರುವುದಿಲ್ಲ. ಕಂಪ್ಯೂಟರ್ ಮೊದಲು ಧ್ವನಿಗಳನ್ನು ಊಹಿಸುತ್ತದೆ. ಆಮೇಲೆ ಯಾವ ಪದದ ಹಿಂದೆ ಯಾವ ಪದ ಬರಬಹುದು ಅಂತ ಭಾಷಾ ಮಾದರಿಯನ್ನು ಕೇಳಿ ತಪ್ಪು ತಿದ್ದಿಕೊಳ್ಳುತ್ತದೆ. ಇಂಗ್ಲಿಷಿಗೆ 1,25,000 ಪದಗಳ ಪಟ್ಟಿ ಇಟ್ಟು ಕೆಲಸ ನಡೆಸಿದ್ದಾರೆ. ನಮ್ಮಲ್ಲಿ ಪದಕ್ಕೆ ಬಾಲದ ಮೇಲೆ ಬಾಲ, ಪಟ್ಟಿ ಮುಗಿಯುವುದೇ ಇಲ್ಲ. ಅದೂ ಹೋಗಲಿ, "ರೇಟ್ ಇಳದದ, ಜಲ್ದಿ ತೂಕ ಮಾಡ್ಸು, ನಾ ಹೊಂಟೀನಿ" ಅನ್ನುವ ಕನ್ನಡ ಯಾವ ಪುಸ್ತಕದಲ್ಲಿದೆ? ಪೇಪರ್ ಓದಿ ಕಲಿತ ಯಂತ್ರ ಅದನ್ನು "ನಾನು ಹೊರಡುತ್ತೇನೆ" ಅಂತ ತಿದ್ದಿಬಿಟ್ಟರೆ ಹಮಾಲರು ನಗುತ್ತಾರೆ. ಚಿಪ್ ಹೊರಗಿನಿಂದ ತರಿಸಬಹುದು, ಈ ಮಾತನ್ನು ಎಲ್ಲಿಂದ ತರಿಸುವುದು? ಚಾಂಗ್ ತಂಡವೇ 2024ರಲ್ಲಿ ಒಬ್ಬರಿಂದ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಹಿಡಿದದ್ದು ನೋಡಿ ಸ್ವಲ್ಪ ಧೈರ್ಯ ಬಂತು.

ಕಾಕಾಗೆ ಸಿಕ್ಕೇ ಸಿಗುತ್ತದೆ ಅಂತ ಹೇಳುತ್ತಿಲ್ಲ, ಇವೆಲ್ಲ ಇನ್ನೂ ಪ್ರಯೋಗಗಳು. ಆದರೆ 2024ರಲ್ಲೇ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಎಎಲ್‌ಎಸ್ (ನರಗಳು ಸೋತು ಮೈ, ಮಾತು ನಿಲ್ಲಿಸುವ ರೋಗ) ರೋಗಿಯೊಬ್ಬರ ಹಳೆಯ ರೆಕಾರ್ಡಿಂಗ್‌ಗಳಿಂದ ಅವರದೇ ದನಿಯಲ್ಲಿ ಯಂತ್ರವನ್ನು ಮಾತಾಡಿಸಿದ್ದಾರೆ. ಹಾಗಾಗಿ ಗುಮಾಸ್ತರ ಫೋನಿನಿಂದ ಕಾಕಾನ ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳನ್ನು ಕೂಡಿಡುತ್ತಿದ್ದೇನೆ. ಅರ್ಧಕ್ಕರ್ಧ ಬೈಗುಳ, ಅದೂ ಮೂರು ಭಾಷೆಯಲ್ಲಿ. ಕಾಕು ಅವನ್ನು ಅಳಿಸು ಅನ್ನುತ್ತಾರೆ. ನಾನಂತೂ ಅಳಿಸುವುದಿಲ್ಲ, ಬೈಗುಳವೂ ಡೇಟಾನೇ ಅಲ್ವಾ?