ಫಿಸಿಕ್ಸ್‌ಗೆ ಅಂತಲೇ ಎರಡನೇ ಗ್ರಾಫಿಕ್ಸ್ ಕಾರ್ಡ್

ಗುಂಡು ಬಿದ್ದಾಗ ಗಾಜು ಚೂರು ಚೂರಾಗಿ ನೆಲದ ಮೇಲೆ ಉರುಳುವುದು, ಕೋಟಿನ ಅಂಚು ಗಾಳಿಗೆ ಪಟಪಟ ಅನ್ನುವುದು, ನಡೆದಲ್ಲೆಲ್ಲ ಹೊಗೆ ಸುತ್ತಿಕೊಂಡು ಪಕ್ಕಕ್ಕೆ ಸರಿಯುವುದು. ಇದನ್ನೆಲ್ಲ ಆಫ್ ಮಾಡಿ ಹಳೆ ಗೇಮ್ ಆಡಿದರೆ ಅರ್ಧ ಊಟಕ್ಕೇ ಎದ್ದ ಹಾಗೆ. ಮಿರರ್ಸ್ ಎಡ್ಜ್, ಮಾಫಿಯಾ 2, ಬಾರ್ಡರ್‌ಲ್ಯಾಂಡ್ಸ್ 2 ನನಗೆ ಈಗಲೂ ಅಷ್ಟೇ ಇಷ್ಟ.

ಈ ಎಫೆಕ್ಟ್‌ಗಳ ಹಿಂದೆ ಇರುವುದು ಫಿಸ್‌ಎಕ್ಸ್, ಅಂದರೆ ಗೇಮ್‌ನಲ್ಲಿ ವಸ್ತುಗಳು ಹೇಗೆ ಒಡೆಯಬೇಕು, ಹೇಗೆ ಚಲಿಸಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. 2006ರಲ್ಲಿ ಅಜೀಯಾ ಅನ್ನುವ ಕಂಪನಿಯ ಬೇರೆಯೇ ಒಂದು ಕಾರ್ಡ್ ಇದಕ್ಕಾಗಿ ಬಂತು. 2008ರಲ್ಲಿ ಎನ್‌ವಿಡಿಯಾ ಆ ಕಂಪನಿಯನ್ನೇ ಕೊಂಡುಕೊಂಡು, ಅದೇ ಕೆಲಸವನ್ನು ತನ್ನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಕಲಿಸಿತು. ಆದರೆ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸೀರೀಸ್‌ನಲ್ಲಿ 32 ಬಿಟ್ ಕುಡಾ, ಅಂದರೆ ಹಳೆ ಬಗೆಯ 32 ಬಿಟ್ ಪ್ರೋಗ್ರಾಮ್‌ಗಳ ಲೆಕ್ಕವನ್ನು ಕಾರ್ಡ್‌ನಲ್ಲೇ ಮಾಡಿಸುವ ವ್ಯವಸ್ಥೆ, ತೆಗೆದುಬಿಟ್ಟರು. ಈ ಹಳೆ ಗೇಮ್‌ಗಳು 32 ಬಿಟ್, ಅಲ್ವಾ? ಲೆಕ್ಕವೆಲ್ಲ ಸಿಪಿಯು ತಲೆಗೆ ಬಿತ್ತು, ಎಷ್ಟು ದುಬಾರಿ ಕಾರ್ಡ್ ಇದ್ದರೂ ಗಾಜು ಒಡೆದ ಕೂಡಲೇ ಫ್ರೇಮ್ ರೇಟ್ ಪಾತಾಳಕ್ಕೆ. ಅದೇ ವರ್ಷ ಡಿಸೆಂಬರ್‌ನ ಡ್ರೈವರ್‌ನಲ್ಲಿ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನಾನು ಹೇಳಿದ ಮೂರೂ ಸೇರಿ ಕೆಲವು ಗೇಮ್‌ಗಳಿಗೆ ಸಪೋರ್ಟ್ ವಾಪಸ್ ಬಂತು, ಖುಷಿಯ ವಿಷಯವೇ. ಆದರೆ ಮಂಜು ಕರಗಿ ನೀರು ಹರಿಯುವ ಕ್ರಯೋಸ್ಟೇಸಿಸ್ ಗೇಮ್ ಆ ಪಟ್ಟಿಯಲ್ಲಿ ಇರಲಿಲ್ಲ. ಅಂಥವಕ್ಕೆ ಫಿಸ್‌ಎಕ್ಸ್ ಲೆಕ್ಕ ಮಾಡಲೆಂದೇ ಹಳೆಯ ಎನ್‌ವಿಡಿಯಾ ಕಾರ್ಡ್ ಒಂದನ್ನು ಜೊತೆಗೆ ಹಾಕುವುದೇ ಗತಿ.

ಯಾವ ಕಾರ್ಡ್? ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಜಿಟಿಎಕ್ಸ್ 1050 ಟಿಐ ತರಬೇಡಿ. ಎರಡೂ ಕಾರ್ಡ್ ಒಂದೇ ಡ್ರೈವರ್‌ನಲ್ಲಿ ಓಡಬೇಕು, ಆ ಕಾಲದ ಕಾರ್ಡ್‌ಗಳಿಗೆ 580 ಡ್ರೈವರ್ ಸರಣಿಯೇ ಕೊನೆ. ಜಿಟಿಎಕ್ಸ್ 1650 ಆದರೆ ಆ ತಾಪತ್ರಯ ಇಲ್ಲ. ಅದರ ಎಷ್ಟೋ ಮಾಡೆಲ್‌ಗಳು ಮದರ್‌ಬೋರ್ಡ್‌ನ ಸ್ಲಾಟ್‌ನಿಂದ ಸಿಗುವ 75 ವ್ಯಾಟ್‌ನಲ್ಲೇ ನಡೆಯುತ್ತವೆ, ಬೇರೆ ಪವರ್ ಕೇಬಲ್ ಬೇಡ. ಎರಡು ಕಾರ್ಡ್‌ಗಳನ್ನು ಬೆಸೆಯುವ ಎಸ್‌ಎಲ್‌ಐ ಬ್ರಿಡ್ಜ್ ಬೇಡ, ಈ ಚಿಕ್ಕ ಕಾರ್ಡ್‌ಗೆ ಮಾನಿಟರ್ ಜೋಡಿಸುವುದೂ ಬೇಡ. ಕೆಳಗಿನ, ವೇಗ ಕಡಿಮೆ ಇರುವ ಎಕ್ಸ್4 ಸ್ಲಾಟ್ ಸಾಕು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದಲ್ಲಿ ಪ್ರೊಸೆಸರ್ ಅಂತ ಇರುವ ಕಡೆ 'ಆಟೋ' ಬಿಟ್ಟು ಚಿಕ್ಕ ಕಾರ್ಡ್ ಆರಿಸಿದರೆ ಮುಗಿಯಿತು.

ನಮ್ಮ ಮಂಗಳೂರಲ್ಲಿ ಸೆಟ್ಟಿಂಗ್‌ಗಿಂತ ಜಾಸ್ತಿ ಯೋಚಿಸಬೇಕಾದದ್ದು ಸೆಕೆಯ ಬಗ್ಗೆ. ಈಗಿನ ದೊಡ್ಡ ಕಾರ್ಡ್‌ಗಳು ಮೂರು ಸ್ಲಾಟ್ ದಪ್ಪ. ಅದರ ಫ್ಯಾನ್‌ಗೆ ಅಂಟಿಕೊಂಡೇ ಇನ್ನೊಂದು ಕಾರ್ಡ್ ಕೂತರೆ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಮೇಲಿನದ್ದಕ್ಕೆ ಗಾಳಿಯೇ ಸಿಗುವುದಿಲ್ಲ. ನಡುವೆ ಒಂದು ಸ್ಲಾಟ್‌ನಷ್ಟಾದರೂ ಜಾಗ ಇರಲಿ, ಕ್ಯಾಬಿನೆಟ್ ಮುಂದೆ ಗಾಳಿ ಎಳೆಯುವ ಫ್ಯಾನ್ ಇರಲಿ. ಸುರತ್ಕಲ್, ಪಣಂಬೂರು ಕಡೆ ಸಮುದ್ರದ ಹತ್ತಿರ ಮನೆ ಇದ್ದವರು ಮಳೆಗಾಲಕ್ಕೆ ಮೊದಲು ಧೂಳು ತೆಗೆದುಬಿಡಿ, ತೇವ ಸೇರಿದರೆ ಅದು ಅಂಟಾಗಿ ಹಿಡಿದುಕೊಳ್ಳುತ್ತದೆ. ಸ್ಲಾಟ್‌ಗೆ ಹಾಕುವ ಮೊದಲು ಹಳೆ ಕಾರ್ಡ್‌ನ ಚಿನ್ನದ ಬಣ್ಣದ ಅಂಚನ್ನೂ ಒರೆಸಿ.

40 ಸೀರೀಸ್ ಅಥವಾ ಅದಕ್ಕಿಂತ ಹಳೆಯ ಎನ್‌ವಿಡಿಯಾ ಕಾರ್ಡ್ ಇದ್ದವರು ಸುಮ್ನೆ ದುಡ್ಡು ಹಾಕಬೇಡಿ. ನಿಮ್ಮ ಕಾರ್ಡ್‌ನಲ್ಲಿ 32 ಬಿಟ್ ಫಿಸ್‌ಎಕ್ಸ್ ಈಗಲೂ ಇದೆ.